ಸುರಂಗ ಬೇಡ, ಬಸ್ಸಿಗೆ ದಾರಿ ಕೊಡಿ: ಬೆಂಗಳೂರಿನ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಬೆಂಗಳೂರು ನಗರದ 28 ವಿಧಾನಸಭಾ ಕ್ಷೇತ್ರಗಳಿಂದ ಆರಿಸಿ ಬಂದ ನಿಮ್ಮೆಲ್ಲರಿಗೂ, ಯಾವ ಪಕ್ಷದವರೆಂದು ನೋಡದೆ, ಈ ಪತ್ರ ಬರೆಯುತ್ತಿದ್ದೇನೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರಲ್ಲಿ ಜಾರಿಗೆ ಬಂದ ಮೇಲೆ ನಿಮ್ಮ ಹೊಣೆ ಸ್ವಂತ ಕ್ಷೇತ್ರದ ಚರಂಡಿ, ಡಾಂಬರು, ಬೀದಿ ದೀಪಕ್ಕೆ ಮುಗಿಯುವುದಿಲ್ಲ. ಆ ಕಾಯ್ದೆಯಡಿ ರಚನೆಯಾದ, ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರದಲ್ಲಿ ನಿಮಗೂ ಸ್ಥಾನವಿದೆ. ಇಡೀ ನಗರ ಹೇಗೆ ಓಡಾಡಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ನೀವೂ ಕೂರುತ್ತೀರಿ. ಅದಕ್ಕೇ ಈ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ: ಮುಂದಿನ ಇಪ್ಪತ್ತು ವರ್ಷ ಈ ಊರಿನ ದುಡ್ಡೂ ಜಾಗವೂ ಕಾರಿಗೆ ಹೋಗಬೇಕೇ, ಬಸ್ಸು-ರೈಲಿಗೆ ಹೋಗಬೇಕೇ?

ನಾನು ಈ ಊರಿನಲ್ಲಿ ಬಸ್ಸಿನಲ್ಲೂ ಮೆಟ್ರೋದಲ್ಲೂ ಓಡಾಡುವವಳು. ನಿಮ್ಮಲ್ಲಿ ಒಬ್ಬರಿಗೆ ಓಟು ಹಾಕುವವಳು. ನಾನು ಹೇಳಬೇಕಾದದ್ದು ಇಷ್ಟು. ಬೆಂಗಳೂರಿಗೆ ಇವತ್ತು ಕೊರತೆಯಾಗಿರುವುದು ಕಾಂಕ್ರೀಟಲ್ಲ. ಇರುವ ರಸ್ತೆಯಲ್ಲಿ ಒಂದು ಪಥವನ್ನು ಕಾರಿನಿಂದ ಬಿಡಿಸಿ ಬಸ್ಸಿಗೆ ಕೊಡುತ್ತೇವೆ ಎಂದು ಹೇಳುವ ಧೈರ್ಯ ನಮ್ಮ ರಾಜಕಾರಣಕ್ಕೆ ಬಂದಿಲ್ಲ. ಆ ಮಾತು ಹೇಳಿದರೆ ಕೆಲವರು ಸಿಟ್ಟಾಗುತ್ತಾರೆ. ಆ ಸಿಟ್ಟನ್ನು ಎದುರಿಸಲಾರದೆ ಒಂದು ಸರ್ಕಾರ ಮೇಲ್ಸೇತುವೆ ಕಟ್ಟುತ್ತದೆ, ಇನ್ನೊಂದು ಎಲಿವೇಟೆಡ್ ಕಾರಿಡಾರ್ ಎನ್ನುತ್ತದೆ, ಮತ್ತೊಂದು ನೆಲದಡಿಗೆ ಇಳಿಯುತ್ತದೆ. ಮಾಡಬೇಕಾದ ತೀರ್ಮಾನವನ್ನು ಮುಂದೂಡಲು ನಾವು ಕೊಡುತ್ತಿರುವ ಬೆಲೆಯೇ ಈ ಸುರಂಗ.

ಮೊದಲು ಲೆಕ್ಕ ನೋಡೋಣ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ಜಂಕ್ಷನ್‌ವರೆಗೆ ಯೋಜಿಸಿರುವ ಜೋಡಿ ಸುರಂಗ ರಸ್ತೆಯ ಉದ್ದ ಸುಮಾರು 16.7 ಕಿಲೋಮೀಟರ್. ಅಂದಾಜು ವೆಚ್ಚ ಸುಮಾರು 17,700 ಕೋಟಿ ರೂಪಾಯಿ. ಇದರ ಪಕ್ಕದಲ್ಲಿ ಇದೇ ಊರಿನ ಇನ್ನೆರಡು ಯೋಜನೆಗಳನ್ನು ಇಟ್ಟು ನೋಡಿ. ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ ನಮ್ಮ ಮೆಟ್ರೋ ಮೂರನೇ ಹಂತದಲ್ಲಿ ಎರಡು ಮಾರ್ಗ ಸೇರಿ 44.65 ಕಿಲೋಮೀಟರ್, 31 ನಿಲ್ದಾಣ. ವೆಚ್ಚ 15,611 ಕೋಟಿ. ನಾಲ್ಕು ಮಾರ್ಗಗಳ ಉಪನಗರ ರೈಲು ಯೋಜನೆ ಸುಮಾರು 148 ಕಿಲೋಮೀಟರ್. ಮಂಜೂರಾದಾಗಿನ ವೆಚ್ಚ 15,767 ಕೋಟಿ. ಅಂದರೆ ಒಂದು ಕಿಲೋಮೀಟರಿಗೆ ಉಪನಗರ ರೈಲಿಗೆ ಸುಮಾರು 107 ಕೋಟಿ, ಮೆಟ್ರೋಗೆ ಸುಮಾರು 350 ಕೋಟಿ, ಸುರಂಗ ರಸ್ತೆಗೆ ಸಾವಿರ ಕೋಟಿಗೂ ಮೇಲೆ. ಮೂರೂ ಸರ್ಕಾರದ ಅಂದಾಜುಗಳೇ. ಮೂರೂ ಕಾಮಗಾರಿ ಮುಗಿಯುವ ಹೊತ್ತಿಗೆ ಏರುತ್ತವೆ ಎಂದು ಇಟ್ಟುಕೊಂಡರೂ ಅವುಗಳ ನಡುವಿನ ಅಂತರ ಅಳಿಯುವುದಿಲ್ಲ.

ಇನ್ನು ಸಾಮರ್ಥ್ಯ. ತಡೆಯೇ ಇಲ್ಲದೆ ಹರಿಯುವ ಒಂದು ಪಥದಲ್ಲಿ ಗಂಟೆಗೆ ಹೆಚ್ಚೆಂದರೆ ಸುಮಾರು 2,000 ಕಾರು ಹೋಗಬಹುದು. ಕಾರಿಗೆ ಸರಾಸರಿ ಒಂದೂವರೆ ಜನ ಎಂದರೂ ಪಥವೊಂದಕ್ಕೆ 3,000 ಜನ. ಒಂದು ದಿಕ್ಕಿಗೆ ಮೂರು ಪಥ ಎಂದಿಟ್ಟುಕೊಂಡರೆ 9,000. ಆರು ಬೋಗಿಯ ಮೆಟ್ರೋ ರೈಲಿನಲ್ಲಿ 1,500 ಜನ ಎಂದು ಹಿಡಿದು, ಮೂರು ನಿಮಿಷಕ್ಕೊಂದು ರೈಲು ಬಿಟ್ಟರೆ ಗಂಟೆಗೆ 30,000 ಜನ ಸಾಗುತ್ತಾರೆ. ರೈಲಿನ ಮಾತು ಬಿಡಿ. ಇರುವ ರಸ್ತೆಯಲ್ಲೇ ಒಂದು ಪಥಕ್ಕೆ ಬೇರೆ ಬಣ್ಣ ಬಳಿದು ಬಸ್ಸಿಗೆ ಮೀಸಲಿಟ್ಟು, ನಿಲ್ದಾಣಗಳಲ್ಲಿ ಒಟ್ಟಿಗೆ ನಾಲ್ಕೈದು ಬಸ್ಸು ನಿಲ್ಲುವಷ್ಟು ಜಾಗ ಮಾಡಿ, ಅರ್ಧ ನಿಮಿಷಕ್ಕೊಂದು ಬಸ್ಸು ಓಡಿಸಿದರೆ, ಬಸ್ಸಿಗೆ 60 ಜನರಂತೆ ಗಂಟೆಗೆ 7,200 ಜನ. ನೆಲ ಕೊರೆದು ಮಾಡುವ ಮೂರು ಪಥಗಳ ಕೆಲಸವನ್ನು ಹೆಚ್ಚುಕಡಿಮೆ ಒಂದೇ ಬಸ್ ಪಥ ಮಾಡುತ್ತದೆ.

ಆ ಸುರಂಗದೊಳಗೆ ಯಾರಿಗೆ ಪ್ರವೇಶ ಎಂಬುದನ್ನೂ ಯೋಚಿಸಿ. ಯೋಜನೆಯ ಪ್ರಕಾರ ಸ್ಕೂಟರು, ಬೈಕು, ಆಟೋಗಳಿಗೆ ಅಲ್ಲಿ ಪ್ರವೇಶವಿಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಅವುಗಳಲ್ಲಿ ಬಹುಪಾಲು ದ್ವಿಚಕ್ರ ವಾಹನಗಳು. ಊಟ ತಲುಪಿಸುವ ಹುಡುಗ, ಮೀಟರಿಗೆ ದುಡಿಯುವ ಆಟೋ ಚಾಲಕ, ಮಗುವನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಓಡುವ ತಾಯಿ, ಬಿಎಂಟಿಸಿ ಬಸ್ಸುಗಳಲ್ಲಿ ದಿನವೂ ಓಡಾಡುವ 40 ಲಕ್ಷಕ್ಕೂ ಹೆಚ್ಚು ಜನ, ಇವರೆಲ್ಲ ಮೇಲೆಯೇ ಉಳಿಯುತ್ತಾರೆ. ಟೋಲ್ ಕಟ್ಟಬಲ್ಲ ಕಾರಿನವರು ಕೆಳಗೆ ಹೋಗುತ್ತಾರೆ. ಒಂದೇ ನಗರದ ಪ್ರಜೆಗಳನ್ನು ಅವರ ಜೇಬು ನೋಡಿ ಎರಡು ಅಂತಸ್ತಿನಲ್ಲಿ ಓಡಾಡಿಸುವ ಯೋಜನೆಗೆ ಜನಪ್ರತಿನಿಧಿಗಳು ಹೇಗೆ ಕೈ ಎತ್ತುತ್ತೀರಿ?

ಇದರಲ್ಲಿ ಖಾಸಗಿ ಬಂಡವಾಳವಿದೆ, ಪೂರ್ತಿ ಹೊರೆ ಖಜಾನೆಗೆ ಬೀಳುವುದಿಲ್ಲ ಎಂಬ ಉತ್ತರವನ್ನು ಕೇಳಿದ್ದೇನೆ. ಖಾಸಗಿಯವರು ಹಾಕುವ ಹಣ ದಾನವಲ್ಲ. ಅದು ದಶಕಗಳ ಕಾಲ ಟೋಲಿನ ರೂಪದಲ್ಲಿ ಇದೇ ಊರಿನವರಿಂದ ವಸೂಲಾಗುತ್ತದೆ. ಕಾರು ಹೆಚ್ಚಿದಷ್ಟೂ ಲಾಭ ಬರುವ ಒಂದು ಒಪ್ಪಂದವನ್ನು ನಗರ ಅಷ್ಟು ವರ್ಷಕ್ಕೆ ಮಾಡಿಕೊಂಡ ಹಾಗಾಗುತ್ತದೆ. ಆಮೇಲೆ ಕಾರು ಕಡಿಮೆ ಮಾಡುವ ಯಾವ ಒಳ್ಳೆಯ ಕ್ರಮವೂ ಆ ಒಪ್ಪಂದದ ವರಮಾನಕ್ಕೆ ಏಟು ಅನ್ನಿಸಿಕೊಳ್ಳುತ್ತದೆ. ಮುಂದೆ ಬರುವ ಸರ್ಕಾರಗಳ ಕೈಯನ್ನು ಇವತ್ತೇ ಕಟ್ಟುವುದು ಸಣ್ಣ ಮಾತಲ್ಲ.

ಸುರಂಗಕ್ಕೆ ಇಳಿದ ಕಾರು ಎಲ್ಲೋ ಒಂದು ಕಡೆ ಮೇಲೆ ಬರಲೇಬೇಕು. ಮೇಖ್ರಿ ವೃತ್ತ, ರೇಸ್‌ಕೋರ್ಸ್, ಲಾಲ್‌ಬಾಗ್ ಸುತ್ತಮುತ್ತ ಅದರ ಏರುದಾರಿ-ಇಳಿದಾರಿಗಳನ್ನು ಯೋಜಿಸಲಾಗಿತ್ತು. ಸಂಜೆ ಆರು ಗಂಟೆಗೆ ಈ ಜಾಗಗಳಲ್ಲಿ ನಿಂತು ನೋಡಿದವರಿಗೆ ಇನ್ನಷ್ಟು ಕಾರು ತಂದು ಸುರಿಯಲು ಅಲ್ಲಿ ಜಾಗವಿಲ್ಲ ಎಂದು ಹೇಳಿಕೊಡಬೇಕಾಗಿಲ್ಲ. ಲಾಲ್‌ಬಾಗ್ ವಿಷಯದಲ್ಲಿ ಜನ ಬೀದಿಗೆ ಬಂದದ್ದೂ ಸುಮ್ಮನೆ ಅಲ್ಲ. ಹೈದರಾಲಿಯ ಕಾಲದಲ್ಲಿ ಶುರುವಾದ ತೋಟ ಅದು. ಅಲ್ಲಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿತವಾದದ್ದು. ಕಾರಿನ ದಾರಿಗಾಗಿ ಅಂಥ ಜಾಗದ ಅಂಚನ್ನು ಮುಟ್ಟುವ ಯೋಚನೆ ಬಂತೆಂದರೆ, ನಗರದಲ್ಲಿ ಯಾವುದಕ್ಕೆ ಮೊದಲ ಸ್ಥಾನ ಎಂಬುದು ನಮಗೆ ಮರೆತಿದೆ ಎಂದೇ ಅರ್ಥ.

ಇನ್ನೂ ಒಂದು ಸಂಗತಿ ನಿಮ್ಮ ಗಮನಕ್ಕೆ. 2024ರ ಡಿಸೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಸರ್ಜಾಪುರದಿಂದ ಹೆಬ್ಬಾಳಕ್ಕೆ ಸುಮಾರು 37 ಕಿಲೋಮೀಟರ್ ಉದ್ದದ ಮೆಟ್ರೋ ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿತು. ಅದು ಕೋರಮಂಗಲ, ಡೈರಿ ವೃತ್ತ, ಟೌನ್‌ಹಾಲ್, ಕೆ.ಆರ್. ವೃತ್ತ, ಮೇಖ್ರಿ ವೃತ್ತದ ಮೇಲಿಂದ ಹೆಬ್ಬಾಳ ಮುಟ್ಟಬೇಕು. ಸಿಲ್ಕ್ ಬೋರ್ಡಿನಿಂದ ಹೊರವರ್ತುಲ ರಸ್ತೆಯ ಗುಂಟ ಹೆಬ್ಬಾಳ ಹಾದು ವಿಮಾನ ನಿಲ್ದಾಣಕ್ಕೆ ಹೋಗುವ ಇನ್ನೊಂದು ಮೆಟ್ರೋ ಮಾರ್ಗದ ಕೆಲಸ ಬಹಳ ದೂರ ಬಂದಿದೆ. ಅಂದರೆ ಹೆಬ್ಬಾಳ ಮತ್ತು ದಕ್ಷಿಣದ ನಡುವೆ ಎರಡು ರೈಲು ದಾರಿಗಳು ಆಗಲೇ ಸರ್ಕಾರದ ಕೈಯಲ್ಲಿವೆ. ಅವುಗಳ ಪ್ರಯಾಣಿಕರನ್ನೇ ಸೆಳೆಯುವ ಮೂರನೆಯ ದಾರಿಯನ್ನು, ಅದೂ ಕಾರಿಗೆ, ಅದೇ ಊರಿನ ಅಡಿಯಲ್ಲಿ ಕೊರೆಯುವುದು ಒಂದು ಕೈ ಕಟ್ಟಿದ್ದನ್ನು ಇನ್ನೊಂದು ಕೈ ಕೆಡವಿದ ಹಾಗೆ.

ರಸ್ತೆ ಅಗಲವಾದರೆ ದಟ್ಟಣೆ ಕಡಿಮೆಯಾಗುತ್ತದೆ ಎಂಬ ನಂಬಿಕೆ ಬಹಳ ಸಹಜವಾದದ್ದು. ಆದರೆ ಅದು ನಮ್ಮ ಕಣ್ಣೆದುರೇ ಸುಳ್ಳಾಗಿದೆ. ಹೊರವರ್ತುಲ ರಸ್ತೆ ಆದಾಗ ಊರಿನ ಹೊರಗಿನ ಲಾರಿಗಳಿಗೆ ದಾರಿಯಾಯಿತು ಎಂದು ಸಂತೋಷಪಟ್ಟೆವು. ರಸ್ತೆಯ ಬೆನ್ನಿಗೇ ಟೆಕ್ ಪಾರ್ಕುಗಳು ಬಂದವು, ವಸತಿ ಸಮುಚ್ಚಯಗಳು ಬಂದವು, ರೈಲು ಮಾತ್ರ ಬರಲಿಲ್ಲ. ಹೆಬ್ಬಾಳ ಮೇಲ್ಸೇತುವೆ ಆದಾಗಲೂ ಅದೇ ಸಂತೋಷ. ಅದಕ್ಕೆ ಮತ್ತೆ ಮತ್ತೆ ಹೊಸ ಕವಲು ಜೋಡಿಸುತ್ತಲೇ ಇದ್ದೇವೆ. ಹೊಸೂರು ರಸ್ತೆಯಲ್ಲಿ 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರಿನ ಟೋಲ್ ಮೇಲ್ಸೇತುವೆ ತೆರೆಯಿತು. ಆ ರಸ್ತೆಯ ಜನಕ್ಕೆ ಅದು ಸಾಲಲಿಲ್ಲ. ಹದಿನೈದು ವರ್ಷದ ಮೇಲೆ, 2025ರ ಆಗಸ್ಟ್‌ನಲ್ಲಿ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ ಬರಬೇಕಾಯಿತು. ರೈಲುಗಳ ಕೊರತೆಯಿಂದ ಮೊದಮೊದಲು 25 ನಿಮಿಷಕ್ಕೊಂದರಂತೆ ಓಡಿದರೂ ಜನ ಮುಗಿಬಿದ್ದರು. ಆ ದಾರಿಯಲ್ಲಿ ಮೊದಲು ಬರಬೇಕಾಗಿದ್ದದ್ದು ಯಾವುದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇದು ಬೆಂಗಳೂರಿಗೆ ಮಾತ್ರ ಅಂಟಿದ ದೋಷವಲ್ಲ. ಅಮೆರಿಕದ ಹೂಸ್ಟನ್ ನಗರದಲ್ಲಿ ಕೇಟಿ ಫ್ರೀವೇಯನ್ನು 2008ರ ಹೊತ್ತಿಗೆ, ಪಕ್ಕದ ರಸ್ತೆಗಳೂ ಸೇರಿ ಕೆಲವು ಕಡೆ 26 ಪಥಗಳಷ್ಟು ಅಗಲ ಮಾಡಿದರು. ಸುಮಾರು 280 ಕೋಟಿ ಡಾಲರ್ ಖರ್ಚಾಯಿತು. 2011ರಿಂದ 2014ರ ನಡುವೆಯೇ ಅಲ್ಲಿ ಬೆಳಗಿನ ಪ್ರಯಾಣದ ಸಮಯ ಶೇ 30ರಷ್ಟು, ಸಂಜೆಯದು ಶೇ 55ರಷ್ಟು ಏರಿತು. ಜಿಲ್ಸ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿ ಅಂಶ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವೂ ಇದೇ: ಹೆದ್ದಾರಿ ಎಷ್ಟು ಬೆಳೆಯುತ್ತದೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ. ರಸ್ತೆ ಖಾಲಿ ಇದೆಯೆಂದು ಗೊತ್ತಾದ ಕೂಡಲೇ ಬಸ್ಸಿನವರು ಕಾರಿಗೆ ಬರುತ್ತಾರೆ, ದಟ್ಟಣೆ ತಪ್ಪಿಸಿ ಬೇರೆ ಹೊತ್ತಿನಲ್ಲಿ ಹೊರಡುತ್ತಿದ್ದವರು ದಟ್ಟಣೆಯ ಹೊತ್ತಿಗೇ ಹೊರಡುತ್ತಾರೆ, ಮನೆ ಕಟ್ಟುವವರು ಇನ್ನಷ್ಟು ದೂರ ಹೋಗುತ್ತಾರೆ. ಕೆಲವೇ ವರ್ಷದಲ್ಲಿ ಮತ್ತೆ ಅದೇ ಸಾಲು.

ಇದಕ್ಕೆ ವಿರುದ್ಧ ದಾರಿ ಹಿಡಿದು ಗೆದ್ದ ಊರುಗಳೂ ಇವೆ. ದಕ್ಷಿಣ ಕೊರಿಯಾದ ಸೋಲ್ ನಗರ 2003ರಲ್ಲಿ ತನ್ನ ನಡುವೆ ಹಾದುಹೋಗಿದ್ದ ಎತ್ತರದ ಹೆದ್ದಾರಿಯೊಂದನ್ನು ಕೆಡವಲು ಶುರುಮಾಡಿತು. ಅದರಡಿ ಮುಚ್ಚಿಹೋಗಿದ್ದ ಚಂಗ್ಯೆಚಾನ್ ತೊರೆಯನ್ನು 2005ರಲ್ಲಿ ಜನರಿಗೆ ತೆರೆದುಕೊಟ್ಟಿತು. ನಡುವೆ, 2004ರಲ್ಲಿ, ನಗರದ ಬಸ್ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿ ರಸ್ತೆಯ ಮಧ್ಯದಲ್ಲಿ ಬಸ್ಸಿಗೆ ಪಥ ಕೊಟ್ಟಿತು. ಹೆದ್ದಾರಿ ಹೋದರೆ ನಗರ ನಿಂತುಹೋಗುತ್ತದೆ ಎಂದು ಹೆದರಿದ್ದವರ ಮಾತು ನಿಜವಾಗಲಿಲ್ಲ.

ಬೆಂಗಳೂರಿನ ಜನ ಇದನ್ನು ನಿಮಗಿಂತ ಮೊದಲೇ ಹೇಳಿದ್ದಾರೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 1,791 ಕೋಟಿಯ ಉಕ್ಕಿನ ಸೇತುವೆ ಕಟ್ಟಲು ಹೊರಟಾಗ, ಅದಕ್ಕಾಗಿ 812 ಮರ ಕಡಿಯಬೇಕೆಂದಾಗ, 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು. ಬೇಡ ಎಂದಷ್ಟೇ ಹೇಳಿ ಅವರು ಮನೆಗೆ ಹೋಗಲಿಲ್ಲ. ‘ಚುಕುಬುಕು ಬೇಕು’ ಎಂದು ರೈಲು ಕೇಳಿದರು, ಬಸ್ಸು ಕೇಳಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಸೇತುವೆ ಕೈಬಿಟ್ಟಿತು. ಬೇಡ ಎಂದದ್ದು ಕೇಳಿಸಿತು. ಬೇಕು ಎಂದದ್ದಕ್ಕೆ ಇವತ್ತಿಗೂ ಪೂರ್ತಿ ಉತ್ತರ ಬಂದಿಲ್ಲ.

ಆ ಚುಕುಬುಕು ಕಥೆ ಏನಾಯಿತು? ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಇವತ್ತು ಮೈಸೂರು, ತುಮಕೂರು, ಹೊಸೂರು, ಯಲಹಂಕ, ಬಂಗಾರಪೇಟೆ ದಿಕ್ಕುಗಳಿಂದ ಹಳಿಗಳು ಊರಿನ ಹೊಟ್ಟೆಯೊಳಗೇ ಬರುತ್ತವೆ. ಬೇರೆ ನಗರಗಳು ಸಾವಿರಾರು ಕೋಟಿ ಕೊಟ್ಟು ಭೂಮಿ ವಶಪಡಿಸಿಕೊಂಡು ಪಡೆಯುವ ದಾರಿ ನಮಗೆ ಹುಟ್ಟುತ್ತಲೇ ಸಿಕ್ಕಿದೆ. ಈ ಹಳಿಗಳಲ್ಲಿ ಸ್ಥಳೀಯ ರೈಲು ಓಡಿಸಬೇಕೆಂಬ ಪ್ರಸ್ತಾವ 1980ರ ದಶಕದಷ್ಟು ಹಳೆಯದು. ಕೊನೆಗೂ 2020ರಲ್ಲಿ ಕೇಂದ್ರ ಒಪ್ಪಿತು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಮಾರ್ಗಗಳಿಗೆ ಹೂವಿನ ಹೆಸರಿಟ್ಟರು. 2022ರ ಜೂನ್‌ನಲ್ಲಿ ಪ್ರಧಾನಿ ಅಡಿಗಲ್ಲು ಹಾಕಿ 40 ತಿಂಗಳಲ್ಲಿ ಮುಗಿಸುವ ಮಾತು ಕೊಟ್ಟರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿದವು. ಒಂದು ಮಾರ್ಗದಲ್ಲೂ ರೈಲು ಓಡಿರಲಿಲ್ಲ. ರೈಲ್ವೆಯ ಭೂಮಿ, ಗುತ್ತಿಗೆಯ ತಕರಾರು, ಕೇಂದ್ರ-ರಾಜ್ಯಗಳ ನಡುವಿನ ಪತ್ರ ವ್ಯವಹಾರ ಹೀಗೆ ತಡಕ್ಕೆ ಕಾರಣಗಳನ್ನು ಪಟ್ಟಿ ಮಾಡಬಹುದು. ಆದರೆ ಸುರಂಗ ರಸ್ತೆಗೆ ತೋರಿಸುವ ಅವಸರದ ಅರ್ಧದಷ್ಟನ್ನು ನೀವು ಈ ರೈಲಿಗೆ ತೋರಿಸಿದ್ದರೆ ಎಷ್ಟೋ ಗಂಟುಗಳು ಬಿಚ್ಚುತ್ತಿದ್ದವು. ಮುಂಬೈಯ ಸ್ಥಳೀಯ ರೈಲುಗಳಲ್ಲಿ ದಿನಕ್ಕೆ 70 ಲಕ್ಷದಷ್ಟು ಜನ ಓಡಾಡುತ್ತಾರೆ. ಆ ರೈಲುಗಳಿಲ್ಲದೆ ಮುಂಬೈ ಒಂದು ದಿನವೂ ಉಸಿರಾಡಲಾರದು.

ಬಸ್ಸಿನ ಸ್ಥಿತಿಗೆ ಬರೋಣ. ಬಿಎಂಟಿಸಿ 1997ರಲ್ಲಿ ಬೇರೆ ಸಂಸ್ಥೆಯಾದ ಮೇಲೆ ಬಹಳ ವರ್ಷ ಲಾಭದಲ್ಲಿ ನಡೆಯಿತು. ದೇಶದ ಬೇರೆ ನಗರಗಳವರು ಬಂದು ನೋಡಿ ಕಲಿಯುತ್ತಿದ್ದ ಸಂಸ್ಥೆ ಅದು. 2013ರ ಸುಮಾರಿಗೆ ಇದ್ದ ಬಸ್ಸುಗಳ ಸಂಖ್ಯೆಗೂ ಈಗಿನ ಸಂಖ್ಯೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಇವತ್ತಿಗೂ ಏಳು ಸಾವಿರದ ಆಸುಪಾಸು. ಅಷ್ಟರಲ್ಲಿ ಊರು ಎಷ್ಟು ಬೆಳೆದಿದೆ ಎಂಬುದು ನಿಮ್ಮ ಮತದಾರರ ಪಟ್ಟಿಯಲ್ಲೇ ಇದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಮನೆಗೆಲಸದವರು, ಗಾರ್ಮೆಂಟ್ ಕಾರ್ಮಿಕರು, ಪೌರಕಾರ್ಮಿಕರು, ಕಾಲೇಜಿನ ಹುಡುಗಿಯರು ಬಸ್ಸಿಗೆ ಮರಳಿದರು. ಹೆಂಗಸರು ಧೈರ್ಯವಾಗಿ ದೂರದ ಕೆಲಸ ಒಪ್ಪಿಕೊಳ್ಳುವಂತಾದದ್ದು ಸಣ್ಣ ಬದಲಾವಣೆಯಲ್ಲ. ಆದರೆ ಟಿಕೆಟ್ ಉಚಿತವಾದರೆ ಸಾಲದು, ಹತ್ತಲು ಬಸ್ಸೂ ಬೇಕು. ಒಂದು ವಿದ್ಯುತ್ ಬಸ್ಸಿಗೆ ಒಂದೂವರೆ ಕೋಟಿ ಎಂದು ಧಾರಾಳವಾಗಿ ಹಿಡಿದರೂ, ಸುರಂಗದ ಅಂದಾಜು ಮೊತ್ತಕ್ಕೆ 11,800 ಬಸ್ಸುಗಳು ಬರುತ್ತವೆ. ಇವತ್ತು ಇರುವುದರ ಒಂದೂವರೆ ಪಟ್ಟಿಗೂ ಹೆಚ್ಚು. ಅಷ್ಟೊಂದು ಬೇಕಾಗಿಲ್ಲ. ಅದರಲ್ಲಿ ಅರ್ಧ ಬಸ್ಸು, ಉಳಿದ ಹಣದಲ್ಲಿ ಡಿಪೋ, ಚಾಲಕರು, ನಿರ್ವಾಹಕರು, ನೆರಳಿರುವ ನಿಲ್ದಾಣಗಳು ಬಂದರೂ ಈ ಊರಿನ ಮುಖವೇ ಬದಲಾಗುತ್ತದೆ.

ಬಸ್ಸು ತಂದರಷ್ಟೇ ಸಾಲದು, ಅದು ಓಡಲು ದಾರಿ ಬೇಕು. ಹೆಬ್ಬಾಳ-ಸಿಲ್ಕ್ ಬೋರ್ಡ್ ಎಂದ ಕೂಡಲೇ ಬೆಂಗಳೂರಿನ ಬಸ್ ಪ್ರಯಾಣಿಕರಿಗೆ ನೆನಪಾಗುವುದು 500 ಡಿ. ಸುರಂಗದ ಎರಡು ತುದಿಗಳನ್ನೇ ಹೊರವರ್ತುಲ ರಸ್ತೆಯ ಮೂಲಕ ಜೋಡಿಸುವ ಬಸ್ಸು ಅದು. ಪಾಸು ಹಿಡಿದು ನೇತಾಡುವ ಹುಡುಗರಿಂದ ಹಿಡಿದು ಸಾಫ್ಟ್‌ವೇರ್ ನೌಕರರವರೆಗೆ ಎಲ್ಲರನ್ನೂ ಹೊತ್ತು ಸಾಗುತ್ತದೆ; ಒಬ್ಬೊಬ್ಬರೇ ಕೂತ ಕಾರುಗಳ ಹಿಂದೆ ನಿಂತಿರುತ್ತದೆ. 2019ರಲ್ಲಿ ಇದೇ ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ, ಬಸ್ಸಿಗೆಂದೇ ಒಂದು ಆದ್ಯತಾ ಪಥ ಮಾಡಿದರು. ಅಂಚಿಗೆ ಕಂಬ ನೆಟ್ಟರು, ಪೊಲೀಸರು ನಿಂತರು. ಬಸ್ಸುಗಳು ಮೊದಲ ಬಾರಿ ಕಾರುಗಳನ್ನು ಹಿಂದೆ ಹಾಕಿದವು. ಮೆಟ್ರೋ ಕಾಮಗಾರಿ ಶುರುವಾದಾಗ ಆ ಪಥ ಮಾಯವಾಯಿತು. ಸಾಧ್ಯ ಎಂಬುದನ್ನು ಮಾಡಿ ತೋರಿಸಿದ ಮೇಲೂ ನಾವು ಅದನ್ನು ಕೈಬಿಟ್ಟೆವು. ಮೆಟ್ರೋ ಕಂಬಗಳು ಎದ್ದು ನಿಂತ ಈ ಹೊತ್ತಿನಲ್ಲಿ ಅದನ್ನು ಮರಳಿ ತರಲು ನೆಲ ಅಗೆಯುವ ಯಂತ್ರ ಬೇಕಾಗಿಲ್ಲ, ನಿಮ್ಮ ಒಂದು ತೀರ್ಮಾನ ಸಾಕು.

ಬಸ್ ಪಥದ ಮಾತೆತ್ತಿದರೆ ಕೆಲವರು ದೆಹಲಿಯನ್ನು ತೋರಿಸುತ್ತಾರೆ. ಅಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ಮಾಡಿದ ಆರು ಕಿಲೋಮೀಟರಿಗೂ ಕಡಿಮೆ ಉದ್ದದ ಬಸ್ ಕಾರಿಡಾರನ್ನು 2016ರಲ್ಲಿ ಕಿತ್ತುಹಾಕಿದರು ನಿಜ. ಆದರೆ ಅದನ್ನು ಪ್ರಶ್ನಿಸಿದ ಅರ್ಜಿಯನ್ನು ದೆಹಲಿ ಹೈಕೋರ್ಟ್ 2012ರಲ್ಲಿ ತಳ್ಳಿಹಾಕಿತ್ತು ಎಂಬುದನ್ನೂ ನೆನಪಿಡಬೇಕು. ಕಾರಿನವರ ಕೂಗು ಜೋರಾಗಿತ್ತು; ಬಸ್ಸಿನಲ್ಲಿದ್ದವರ ದನಿ ಪತ್ರಿಕೆಗಳಿಗೂ ಮಂತ್ರಿಗಳಿಗೂ ಮುಟ್ಟಲಿಲ್ಲ. ದೆಹಲಿಯಿಂದ ಕಲಿಯಬೇಕಾದ ಪಾಠ ಇದು.

ನಮ್ಮದೇ ರಾಜ್ಯದಲ್ಲಿ ಹುಬ್ಬಳ್ಳಿ-ಧಾರವಾಡದ ಉದಾಹರಣೆ ಇದೆ. 2018ರಿಂದ ಎರಡು ಊರುಗಳ ನಡುವಿನ ಸುಮಾರು 22 ಕಿಲೋಮೀಟರ್ ದಾರಿಯಲ್ಲಿ ಚಿಗರಿ ಬಸ್ಸುಗಳು ತಮ್ಮದೇ ಪಥದಲ್ಲಿ ಓಡುತ್ತಿವೆ. ಅಲ್ಲಿನವರಿಗೆ ದೂರುಗಳಿವೆ. ಮರಗಳು ಹೋದವು, ರಸ್ತೆ ದಾಟುವ ಜಾಗಗಳು ಸಾಲದು, ಮಳೆ ನೀರು ನಿಲ್ಲುತ್ತದೆ, ಉಳಿದ ವಾಹನಗಳಿಗೆ ಜಾಗ ಇಕ್ಕಟ್ಟಾಯಿತು. ಈ ದೂರುಗಳಲ್ಲಿ ನ್ಯಾಯವಿದೆ, ಅವನ್ನು ತಿದ್ದಬೇಕು. ಆದರೆ ಹುಬ್ಬಳ್ಳಿಯಲ್ಲಿ ದುಡಿಯುವ ಧಾರವಾಡದ ಗುಮಾಸ್ತನೂ ವಿಶ್ವವಿದ್ಯಾಲಯಕ್ಕೆ ಹೋಗುವ ವಿದ್ಯಾರ್ಥಿನಿಯೂ ಸಿಗ್ನಲ್ ದಟ್ಟಣೆಯ ಗೊಡವೆಯಿಲ್ಲದೆ ಹವಾನಿಯಂತ್ರಿತ ಬಸ್ಸಿನಲ್ಲಿ ಹೋಗಬಹುದೆಂದು ಆ ಯೋಜನೆ ತೋರಿಸಿಕೊಟ್ಟಿತು. ತಪ್ಪುಗಳನ್ನು ಹುಬ್ಬಳ್ಳಿಯಲ್ಲಿ ಕಲಿತು ಬೆಂಗಳೂರಿನಲ್ಲಿ ತಿದ್ದಿಕೊಳ್ಳುವ ಅವಕಾಶ ನಿಮಗಿದೆ.

‘ಎರಡನ್ನೂ ಮಾಡೋಣ, ರಸ್ತೆಯೂ ಇರಲಿ, ಮೆಟ್ರೋವೂ ಇರಲಿ’ ಎಂದು ನಿಮ್ಮಲ್ಲಿ ಹಲವರು ಹೇಳುವುದನ್ನು ಕೇಳಿದ್ದೇನೆ. ಕೇಳಲು ಸಮಾಧಾನದ ಮಾತು. ಆದರೆ 2025ರಲ್ಲಿ ನಡೆದದ್ದನ್ನು ನೋಡಿ. ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಹಣವಿಲ್ಲ, ಖರ್ಚು ಹೊಂದಿಸಬೇಕು ಎಂಬುದು ಕೊಟ್ಟ ಕಾರಣ. ಬಸ್ಸು-ಮೆಟ್ರೋದವರಿಗೆ ಹಣವಿಲ್ಲ ಎನ್ನುವ ವ್ಯವಸ್ಥೆ ಕಾರಿನವರಿಗೆ 17,700 ಕೋಟಿಯ ಯೋಜನೆ ಹಾಕಿಕೊಡುತ್ತದೆ ಎಂದಾದರೆ, ಎರಡನ್ನೂ ಮಾಡೋಣ ಎಂಬ ಮಾತು ಪ್ರಾಮಾಣಿಕವಾಗಿ ಉಳಿಯುವುದಿಲ್ಲ. ಕೇಂದ್ರದ 2006ರ ನಗರ ಸಾರಿಗೆ ನೀತಿಯೇ ವಾಹನಗಳಿಗಿಂತ ಜನರ ಓಡಾಟಕ್ಕೆ ಮೊದಲ ಸ್ಥಾನ ಕೊಡಬೇಕು ಎಂದಿದೆ.

ಎಲ್ಲ ರಸ್ತೆಯೂ ಬೇಡ ಎಂಬುದು ನನ್ನ ವಾದವಲ್ಲ. ಊರಿನೊಳಗೆ ಬರುವ ಅಗತ್ಯವೇ ಇಲ್ಲದ ಲಾರಿಗಳಿಗೆ ಹೊರಗೊಂದು ದಾರಿ ಬೇಕು. ಪೆರಿಫೆರಲ್ ರಿಂಗ್ ರಸ್ತೆಯಂಥ ಯೋಜನೆಗಳನ್ನು ರೈತರಿಗೆ ನ್ಯಾಯವಾದ ಪರಿಹಾರ ಕೊಟ್ಟು ಮುಗಿಸಲಿ. ಗುಂಡಿ ಮುಚ್ಚಲಿ. ಕಾರಿನಲ್ಲಿ ಓಡಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಹತ್ತು ನಿಮಿಷದಲ್ಲಿ ಬಸ್ಸು ಬರುತ್ತದೆ ಎಂಬ ನಂಬಿಕೆಯಿಲ್ಲದ ಊರಿನಲ್ಲಿ, ಫುಟ್‌ಪಾತೇ ಇಲ್ಲದ ಬಡಾವಣೆಯಲ್ಲಿ, ವಯಸ್ಸಾದ ತಂದೆ-ತಾಯಿಯನ್ನು ಕರೆದೊಯ್ಯಬೇಕಾದವರು ಕಾರು ಕೊಳ್ಳದೆ ಏನು ಮಾಡುತ್ತಾರೆ? ಬಸ್ಸು-ರೈಲು ಸರಿಯಾದರೆ ಅವರಲ್ಲಿ ಎಷ್ಟೋ ಜನ ಕಾರನ್ನು ಮನೆಯಲ್ಲಿ ಬಿಡುತ್ತಾರೆ. ಬಿಡಲಾಗದವರಿಗೆ ರಸ್ತೆ ಖಾಲಿಯಾಗುತ್ತದೆ, ಆಂಬುಲೆನ್ಸಿಗೆ ದಾರಿ ಸಿಗುತ್ತದೆ. ಕಾರಿನವರಿಗೆ ನಿಜವಾಗಿ ಒಳ್ಳೆಯದಾಗುವುದೂ ಬಸ್ಸಿನಿಂದಲೇ.

ನಿಮ್ಮಿಂದ ನಾನು ಕೇಳುವುದು ಆರು ಕೆಲಸ.

ಒಂದು: ಹೆಬ್ಬಾಳ-ಸಿಲ್ಕ್ ಬೋರ್ಡ್ ಸುರಂಗ ರಸ್ತೆಯನ್ನೂ ಅದರ ಬೆನ್ನಿಗೆ ಯೋಚಿಸಿರುವ ಪೂರ್ವ-ಪಶ್ಚಿಮ ಸುರಂಗವನ್ನೂ ಕೈಬಿಡುವ ನಿರ್ಣಯಕ್ಕೆ ಪ್ರಾಧಿಕಾರದ ಸಭೆಯಲ್ಲಿ ಬೆಂಬಲ ಕೊಡಿ. ಅದಕ್ಕೆಂದು ಸರ್ಕಾರ ಹಾಕಬೇಕಾದ ಪಾಲನ್ನು ಉಪನಗರ ರೈಲಿಗೂ ಬಸ್ಸಿಗೂ ವರ್ಗಾಯಿಸಿ.

ಎರಡು: ಹೊರವರ್ತುಲ ರಸ್ತೆಯಲ್ಲಿ ಬಸ್ ಪಥವನ್ನು ಮೊದಲು ಮರಳಿ ತನ್ನಿ. ಆಮೇಲೆ ಬಳ್ಳಾರಿ ರಸ್ತೆ, ಹೊಸೂರು ರಸ್ತೆ, ಹಳೆ ಮದ್ರಾಸು ರಸ್ತೆ, ಮೈಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಅದು ಹಬ್ಬಲಿ. ಪಥದೊಳಗೆ ನುಗ್ಗುವ ವಾಹನಕ್ಕೆ ದಂಡ ಹಾಕಲು ಕ್ಯಾಮೆರಾ ಇರಲಿ. ನಿಮ್ಮ ವಾಹನಗಳೂ ಆ ಪಥ ತುಳಿಯದಿರಲಿ.

ಮೂರು: ಕೇಂದ್ರದ ಯೋಜನೆಯಲ್ಲಿ ಬೆಂಗಳೂರಿಗೆ ನಿಗದಿಯಾಗಿರುವ 4,500 ವಿದ್ಯುತ್ ಬಸ್ಸುಗಳು ತಡವಾಗದೆ ಬರುವಂತೆ ನೋಡಿಕೊಳ್ಳಿ. ಅವುಗಳಿಗೆ ಡಿಪೋ ಜಾಗ ನಿಮ್ಮ ಕ್ಷೇತ್ರದಲ್ಲೇ ಹುಡುಕಿ ಕೊಡಿ. ಮುಖ್ಯ ರಸ್ತೆಗಳಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಎಂಬುದು ಸರ್ಕಾರದ ಲಿಖಿತ ಭರವಸೆಯಾಗಲಿ.

ನಾಲ್ಕು: ಉಪನಗರ ರೈಲು ಯೋಜನೆಗೆ ಪೂರ್ಣಾವಧಿಯ, ರೈಲ್ವೆ ಅನುಭವವಿರುವ ಮುಖ್ಯಸ್ಥರಿರಲಿ. ಯಾವ ಮಾರ್ಗ ಎಲ್ಲಿಗೆ ಬಂತು ಎಂಬ ವರದಿ ಪ್ರತಿ ತಿಂಗಳೂ ಜನರ ಮುಂದೆ ಬರಲಿ. ಕೇಂದ್ರದಲ್ಲಿ ಅಧಿಕಾರದಲ್ಲಿರುವ ಪಕ್ಷದ ಶಾಸಕರು ದೆಹಲಿಯ ಬಾಗಿಲು ತಟ್ಟಲಿ, ರಾಜ್ಯದಲ್ಲಿ ಅಧಿಕಾರದಲ್ಲಿರುವ ಪಕ್ಷದವರು ವಿಧಾನಸೌಧದ ಬಾಗಿಲು ತಟ್ಟಲಿ. ಬೆಂಗಳೂರಿನ ರೈಲಿಗೆ ಪಕ್ಷವಿಲ್ಲ.

ಐದು: ಪ್ರತಿ ಮೆಟ್ರೋ ನಿಲ್ದಾಣ ಮತ್ತು ದೊಡ್ಡ ಬಸ್ ನಿಲ್ದಾಣದ ಸುತ್ತ ಅರ್ಧ ಕಿಲೋಮೀಟರ್ ಮುರಿಯದ ಫುಟ್‌ಪಾತ್, ಬೀದಿ ದೀಪ, ರಸ್ತೆ ದಾಟುವ ಸುರಕ್ಷಿತ ಜಾಗ ಮಾಡಿಸಿ. ಇದಕ್ಕೆ ಕೇಂದ್ರದ ಒಪ್ಪಿಗೆ ಬೇಡ, ಜಾಗತಿಕ ಟೆಂಡರ್ ಬೇಡ. ನಿಮ್ಮ ಐದು ನಗರ ಪಾಲಿಕೆಗಳೇ ಮಾಡಬಹುದು. 2023ರಲ್ಲಿ ಈ ನಗರದ ರಸ್ತೆಗಳಲ್ಲಿ 900ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಡೆದು ಹೋಗುತ್ತಿದ್ದವರ ಪಾಲು ದೊಡ್ಡದು. ಬಸ್ಸಿಗೆ ಹೋಗುವ ದಾರಿಯೇ ಪ್ರಾಣಕ್ಕೆ ಎರವಾದರೆ ಬಸ್ಸು ಯಾರಿಗೆ?

ಆರು: ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರಕ್ಕೆ 2022ರಲ್ಲಿ ಸದನ ಕಾನೂನು ಮಾಡಿದೆ. ಬಸ್ಸು, ಮೆಟ್ರೋ, ರೈಲು, ರಸ್ತೆ ಎಲ್ಲವನ್ನೂ ಒಂದೇ ಕಡೆ ಕೂತು ಯೋಜಿಸಲೆಂದು ಮಾಡಿದ ಕಾನೂನು ಅದು. ಅದರ ಒಪ್ಪಿಗೆಯಿಲ್ಲದೆ ಯಾವ ದೊಡ್ಡ ಸಾರಿಗೆ ಯೋಜನೆಯೂ ಟೆಂಡರಿಗೆ ಹೋಗದಂತೆ ನೋಡಿಕೊಳ್ಳಿ. ಅದರ ಸಭೆಯ ಕಾಗದಗಳು ಕನ್ನಡದಲ್ಲಿ ಜನರಿಗೆ ಸಿಗಲಿ.

ಮಾನ್ಯರೇ, ಒಂದು ಬಸ್ ಪಥಕ್ಕೆ ಶಂಕುಸ್ಥಾಪನೆಯ ಸಂಭ್ರಮವಿರುವುದಿಲ್ಲ, ಕತ್ತರಿಸಲು ದೊಡ್ಡ ರಿಬ್ಬನ್ನೂ ಇರುವುದಿಲ್ಲ. ಸುರಂಗಕ್ಕೆ ಅವೆಲ್ಲ ಇವೆ. ಆದರೆ ನಿಮ್ಮ ಕ್ಷೇತ್ರದಲ್ಲಿ ಸುರಂಗ ಬಳಸಲಾರದ ಮತದಾರರೇ ಹೆಚ್ಚು. ಅವರು ಬೆಳಿಗ್ಗೆ ನಿಲ್ದಾಣದಲ್ಲಿ ನಿಂತಿರುತ್ತಾರೆ. ಮನೆಗೆ ತಡವಾಗಿ ಸೇರುತ್ತಾರೆ. ಮಕ್ಕಳ ಪಾಠ ನೋಡಲು, ಅಡುಗೆ ಮಾಡಲು, ನಿದ್ದೆ ಮಾಡಲು ಇರುವ ಗಂಟೆಗಳನ್ನು ಸಿಗ್ನಲ್‌ಗಳಲ್ಲಿ ಕಳೆಯುತ್ತಾರೆ. ಅವರ ಆ ಗಂಟೆಗಳನ್ನು ಅವರಿಗೆ ಮರಳಿ ಕೊಡುವ ಅಧಿಕಾರ ಇವತ್ತು ನಿಮ್ಮ ಕೈಯಲ್ಲಿದೆ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಂದಿನ ಸಭೆಯಲ್ಲಿ ಸುರಂಗದ ವಿರುದ್ಧವೂ ಬಸ್ ಪಥದ ಪರವಾಗಿಯೂ ನಿಮ್ಮ ಕೈ ಎತ್ತಿ. ಯಾರು ಎತ್ತಿದರು, ಯಾರು ಎತ್ತಲಿಲ್ಲ ಎಂಬುದನ್ನು ನಾವು ಮುಂದಿನ ಚುನಾವಣೆಯವರೆಗೂ ನೆನಪಿಟ್ಟುಕೊಳ್ಳುತ್ತೇವೆ.

ಇಂತಿ,
ಬೆಂಗಳೂರಿನ ಒಬ್ಬ ಬಸ್ ಪ್ರಯಾಣಿಕಳು, ಮತದಾರಳು